ಪಸ್ತಾಪುರದಲ್ಲಿ ನನ್ನ ಹಾಜರಿ

ಮೊಬೈಲು ಬಂದ ಮೇಲೆ ಮನುಷ್ಯನ ಬಾಯಿಂದ ಹೊರಡುವ ಮೊದಲ ಮಾತೇ ಬದಲಾಗಿದೆ ಎಂಬುದನ್ನು ನೀವೂ ಗಮನಿಸಿರಬಹುದು. ಹಿಂದೆ ಫೋನು ಮನೆಯ ಮೇಜಿಗೆ ಕಟ್ಟುಬಿದ್ದಿದ್ದ ಕಾಲದಲ್ಲಿ ‘ಯಾರು ಮಾತಾಡೋದು’ ಎಂದು ಕೇಳುತ್ತಿದ್ದೆವು. ಫೋನು ಎಲ್ಲಿದೆ ಎಂಬುದು ಗೊತ್ತಿತ್ತು, ಎತ್ತಿಕೊಂಡವರು ಯಾರು ಎಂಬುದಷ್ಟೇ ಗೊತ್ತಿರಲಿಲ್ಲ. ಈಗ ಯಾರೆಂಬುದು ಹೆಸರಿನ ಸಮೇತ ಮೂಡುತ್ತದೆ, ಎಲ್ಲಿದ್ದಾರೆಂಬುದೇ ತಿಳಿಯುವುದಿಲ್ಲ. ಹೀಗಾಗಿ ‘ಎಲ್ಲಿದ್ದೀರಿ’ ಎಂಬುದೇ ನಮಸ್ಕಾರದ ಜಾಗಕ್ಕೆ ಬಂದು ಕೂತಿದೆ. ಹೇಗಿದ್ದೀರಿ ಎಂದರೆ ಮಂಡಿನೋವಿದ್ದರೂ ಆರಾಮ ಎನ್ನುವ ಹಾಗೆ, ಎಲ್ಲಿದ್ದೀರಿ ಎಂದರೆ ಕೇಳಿದವರಿಗೆ ಸಮಾಧಾನವಾಗುವ ಒಂದು ಊರಿನ ಹೆಸರು ಹೇಳುವುದು ನನ್ನ ಅಭ್ಯಾಸ. ಸೊಂಟಕ್ಕೆ ಟವೆಲು ಸುತ್ತಿಕೊಂಡು ಬಚ್ಚಲ ಮುಂದೆ ನಿಂತಿರುವಾಗ ‘ಬಸ್‌ಸ್ಟ್ಯಾಂಡಿನಾಗ ಇದ್ದೀನ್ರಿ’ ಎನ್ನುತ್ತೇನೆ. ಬಸ್‌ಸ್ಟ್ಯಾಂಡಿನಲ್ಲಿರುವಾಗ ‘ಅರ್ಧ ದಾರಿ ಬಂದೀನ್ರಿ’ ಎನ್ನುತ್ತೇನೆ. ಅರ್ಧ ದಾರಿಯಲ್ಲಿರುವಾಗ ‘ನಿಮ್ಮ ಓಣ್ಯಾಗೇ ಹೊರಳೀನ್ರಿ, ಚಾಕ್ಕ ಇಡ್ರಿ’ ಎನ್ನುತ್ತೇನೆ. ಇವನ್ನು ಸುಳ್ಳು ಎಂದು ನಾನು ಒಪ್ಪುತ್ತಿರಲಿಲ್ಲ. ನನ್ನ ಮನಸ್ಸು ಯಾವಾಗಲೋ ಹೊರಟಿರುತ್ತಿತ್ತು, ಶರೀರಕ್ಕೆ ಮಾತ್ರ ಕೊಂಚ ತಡವಾಗುತ್ತಿತ್ತು, ಅಷ್ಟೇ.

ಆಗ ನಾನು ಜಹೀರಾಬಾದಿನ ಒಂದು ಸಣ್ಣ ಖಾಸಗಿ ಡೇರಿಯಲ್ಲಿ ಸೂಪರ್‌ವೈಸರ್ ಆಗಿದ್ದೆ. ಪಸ್ತಾಪುರದ ಹಾಲಿನ ಕೇಂದ್ರ ನನ್ನ ಪಾಲಿಗೆ ಬಂದಿತ್ತು. ಬೆಳಿಗ್ಗೆ ಆರಕ್ಕೆ ಹೆಂಗಸರು ಚರಿಗೆ, ಬಕೆಟ್ಟುಗಳಲ್ಲಿ ಹಾಲು ತರುತ್ತಾರೆ. ಅದಕ್ಕೆ ನೀರು ಬಿದ್ದಿದೆಯೇ ಎಂದು ಪರೀಕ್ಷಿಸಿ, ಅಳೆದು, ಕ್ಯಾನಿಗೆ ಸುರಿಸಿ, ಟೆಂಪೋ ಹತ್ತಿಸಿ ಕಳಿಸುವುದು ನನ್ನ ಕೆಲಸ. ನನ್ನ ಕೆಲಸ ಎಂದು ಕಾಗದದ ಮೇಲೆ ಬರೆದಿತ್ತು ಎನ್ನುವುದು ಹೆಚ್ಚು ಸರಿ. ಟೆಂಪೋ ಡ್ರೈವರನಿಗೆ ಅಳೆಯುವುದೂ ಬರುತ್ತಿತ್ತು, ಸುರಿಯುವುದೂ ಬರುತ್ತಿತ್ತು. ಬರುವ ಕೆಲಸವನ್ನು ಒಬ್ಬ ಮನುಷ್ಯ ಸಂತೋಷದಿಂದ ಮಾಡುತ್ತಿರುವಾಗ ನಡುವೆ ಹೋಗಿ ನಿಲ್ಲುವುದು ನನ್ನ ಸ್ವಭಾವದಲ್ಲಿಲ್ಲ. ನಾನು ಹತ್ತು ಗಂಟೆಯ ಹೊತ್ತಿಗೆ ಹೋಗಿ, ನನ್ನ ಹತ್ತಿರವಿದ್ದ ಇನ್ನೊಂದು ಕೀಲಿಯಿಂದ ಬಾಗಿಲು ತೆಗೆದು, ಖಾಲಿ ಕ್ಯಾನುಗಳನ್ನು ಗಂಭೀರವಾಗಿ ನೋಡಿ, ಸಹಿ ಮಾಡಿ ಬರುತ್ತಿದ್ದೆ. ಅಷ್ಟರಲ್ಲಿ ಹೆಂಗಸರೆಲ್ಲ ಹೊಲಕ್ಕೆ ಹೋಗಿರುತ್ತಿದ್ದರು. ನನ್ನ ಗಾಂಭೀರ್ಯವನ್ನು ನೋಡಲು ಅಲ್ಲಿ ಯಾರೂ ಇರುತ್ತಿರಲಿಲ್ಲ ಎಂಬುದೊಂದೇ ಕೊರತೆ.

ನಮ್ಮ ಮ್ಯಾನೇಜರ್ ಮಾಣಿಕರಾವ್ ಸಾಹೇಬರು ತಾಂಡೂರಿನವರು. ಕೆಟ್ಟವರಲ್ಲ; ಆದರೆ ಎದುರಿಗೆ ಇಲ್ಲದ ಮನುಷ್ಯನನ್ನು ನಂಬುವುದು ಅವರಿಂದಾಗುತ್ತಿರಲಿಲ್ಲ. ಅವು ತೆಲಂಗಾಣ ಚಳವಳಿ ಜೋರಾಗಿದ್ದ ದಿನಗಳು. ಒಂದು ದಿನ ಬಂದ್, ಮರುದಿನ ರಸ್ತಾರೋಕೋ, ಅದರ ಮರುದಿನ ಬಸ್ಸಿಲ್ಲ. ಜನ ಪ್ರತ್ಯೇಕ ರಾಜ್ಯಕ್ಕಾಗಿ ರಸ್ತೆಗಿಳಿದಿದ್ದರೆ, ನಮ್ಮ ಡೇರಿಯ ಕೆಲವರು ಅದೇ ನೆಪದಲ್ಲಿ ಮನೆಯೊಳಗೆ ಇಳಿದಿದ್ದರು. ರಸ್ತೆ ನುಣ್ಣಗೆ ಖಾಲಿಯಿದ್ದ ದಿನವೂ ‘ರಸ್ತಾರೋಕೋ ನಡದದರಿ ಸಾಹೇಬ್ರ, ಮುಂದ ಬಿಡವಲ್ರು’ ಎಂದು ಫೋನು ಮಾಡಿದ ಪುಣ್ಯಾತ್ಮರಲ್ಲಿ ನಾನೂ ಒಬ್ಬ. ಇದಕ್ಕೆ ಸಾಹೇಬರು ಒಂದು ಮದ್ದು ಕಂಡುಹಿಡಿದರು. ಮೊಬೈಲು ಕಂಪನಿಯವರು ಹೊಸದೊಂದು ಸೇವೆ ಶುರು ಮಾಡಿದ್ದರಂತೆ. ಯಾರ ನಂಬರನ್ನು ಬರೆದು ಕಳಿಸಿದರೂ, ಆ ಫೋನು ಆ ಗಳಿಗೆಯಲ್ಲಿ ಯಾವ ಊರಿನ ಬಳಿ ಇದೆ ಎಂಬುದು ಮೆಸೇಜಿನಲ್ಲಿ ಬರುತ್ತದೆ. ಫೋನಿನ ಒಡೆಯ ಒಮ್ಮೆ ಒಪ್ಪಿಗೆ ಕೊಟ್ಟಿರಬೇಕು, ಅಷ್ಟೇ. ಸಾಹೇಬರು ನಮ್ಮನ್ನೆಲ್ಲ ಸಾಲಾಗಿ ಕೂರಿಸಿ, ಕಣ್ಣೆದುರಿಗೇ ಒಪ್ಪಿಗೆಯ ಮೆಸೇಜು ಕಳಿಸಲು ಹೇಳಿದರು. ಆಪರೇಷನ್ನಿಗೆ ಮೊದಲು ಆಸ್ಪತ್ರೆಯ ಕಾಗದಕ್ಕೆ ಸಹಿ ಹಾಕುವವನ ಹಾಗೆ ನಾನು ಗುಂಡಿ ಒತ್ತಿದೆ.

ಮರುದಿನ ಬೆಳಿಗ್ಗೆ ಎದ್ದುಹೋಗಬೇಕೆಂದು ಪ್ರಾಮಾಣಿಕವಾಗಿ ನಿಶ್ಚಯಿಸಿದ್ದೆ. ಆ ನಿಶ್ಚಯದ ಆಯಾಸಕ್ಕೋ ಏನೋ ಏಳೂವರೆಯವರೆಗೆ ಎಚ್ಚರವಾಗಲಿಲ್ಲ. ಎಚ್ಚರವಾದದ್ದು ಸಾಹೇಬರ ಫೋನಿನಿಂದ. ಕೆಲಸ ಹೋಯಿತು ಎಂದುಕೊಂಡು ಎತ್ತಿದರೆ, “ಬಸವರಾಜ, ಶಾಬಾಶ್. ಬರೋಬ್ಬರಿ ಆರಕ್ಕ ನೋಡೀನಿ. ಪಸ್ತಾಪುರದಾಗ ಇದ್ರಿ” ಎಂದರು. ವ್ಯಂಗ್ಯ ಮಾಡುತ್ತಿದ್ದಾರೆ ಎಂದುಕೊಂಡು ಏನೂ ಹೇಳದೆ ಕೂತೆ. ಅವರು ನನ್ನ ಮೌನವನ್ನು ವಿನಯ ಎಂದು ತಿಳಿದು ಇನ್ನಷ್ಟು ಹೊಗಳಿದರು. ಸಂಗತಿ ಹೊಳೆದದ್ದು ಹಲ್ಲುಜ್ಜುತ್ತ ಹಿತ್ತಲಿಗೆ ಬಂದಾಗ. ನಮ್ಮ ಮನೆ ಊರಿನ ಕೊನೆಗೆ, ಪಸ್ತಾಪುರದ ಕಡೆಗೇ ಇದೆ. ಹಿತ್ತಲ ಗೋಡೆಯಾಚೆ ಮೊಬೈಲು ಟವರು. ಅದರ ಜನರೇಟರಿನ ಸದ್ದಿಗೆ ನಿದ್ದೆ ಕೆಡುತ್ತದೆಂದು ನಾನು ಅದನ್ನು ದಿನಾ ಬೈಯುತ್ತಿದ್ದೆ. ಕಂಪನಿಯ ಪುಸ್ತಕದಲ್ಲಿ ಆ ಟವರಿನ ಹೆಸರು ಪಸ್ತಾಪುರ ಎಂದಿರಬೇಕು. ಅಂದರೆ ನನ್ನ ಮಂಚ, ನನ್ನ ಬಚ್ಚಲು, ನಾನು ಪೇಪರು ಓದುವ ಕಟ್ಟೆ ಎಲ್ಲವೂ ಪಸ್ತಾಪುರದ ಬಳಿಯೇ ಇದ್ದವು. ಅಂದಿನಿಂದ ಟವರನ್ನು ಬೈಯುವುದು ಬಿಟ್ಟೆ. ಜನರೇಟರಿನ ಸದ್ದು ಜೋಗುಳದ ಹಾಗೆ ಕೇಳತೊಡಗಿತು.

ನನ್ನ ಹೆಂಡತಿ ಸುವರ್ಣಾಗೆ ಇದನ್ನು ಹೇಳಬಾರದಿತ್ತು. ಹೇಳಿದೆ. ಅವಳು ನಗಲಿಲ್ಲ, ಬೈಯಲೂ ಇಲ್ಲ. ಮರುದಿನದಿಂದ ಎಂಟಕ್ಕೆ ಹೊದಿಕೆ ಎಳೆದು, “ಪಸ್ತಾಪುರದವರು ಏಳ್ರಿ, ಚಾ ಆರಿ ಹೋಗ್ಲತದ” ಎನ್ನತೊಡಗಿದಳು. ಬಂದವರು ನನ್ನನ್ನು ಕೇಳಿದರೆ “ಪಸ್ತಾಪುರಕ್ಕ ಹೋಗ್ಯಾರ, ತಡೀರಿ, ಎಬ್ಬಸ್ತೀನಿ” ಎನ್ನುವಳು. ತಿಂಗಳ ಮೀಟಿಂಗಿನಲ್ಲಿ ಸಾಹೇಬರು ಎಲ್ಲರೆದುರು ನನ್ನನ್ನು ಎಬ್ಬಿಸಿ ನಿಲ್ಲಿಸಿ ಹೊಗಳಿದ್ದನ್ನು ಹೇಳಿದಾಗ ಮಾತ್ರ ಅವಳು ಕೈಲಿದ್ದ ಲಟ್ಟಣಿಗೆ ಕೆಳಗಿಟ್ಟು, “ಇದು ಒಳ್ಳೇದಲ್ರಿ. ಯಾರದಾರ ತಲಿಮ್ಯಾಲ ಬೀಳ್ತದ ನೋಡ್ರಿ” ಎಂದಳು.

ಬಿದ್ದದ್ದು ಯಶೋದಾಬಾಯಿಯ ತಲೆಯ ಮೇಲೆ. ಯಶೋದಾ ನಮ್ಮ ಡೇರಿಯ ಇನ್ನೊಬ್ಬ ಸೂಪರ್‌ವೈಸರ್. ಕಂಗ್ಟಿಯ ಆಚೆ, ಕರ್ನಾಟಕದ ಗಡಿಗೆ ಅಂಟಿಕೊಂಡ ಹಳ್ಳಿಯವರು. ಅಪ್ಪ-ಅಮ್ಮ ಕೂಲಿ ಮಾಡಿ ಓದಿಸಿದ ಬೌದ್ಧ ಕುಟುಂಬದ ಮಗಳು. ಕೆಲಸ ಸಿಕ್ಕ ದಿನದಿಂದ ಆರು ಗಂಟೆ ಎಂದರೆ ಐದೂ ಮುಕ್ಕಾಲಕ್ಕೇ ಅದೇ ಹಳ್ಳಿಯ ಹಾಲಿನ ಕೇಂದ್ರದಲ್ಲಿರುವವರು. ಆ ಕೇಂದ್ರಕ್ಕೆ ಕಂಗ್ಟಿಯ ಟವರು ದೂರ, ಗಡಿಯಾಚೆಗಿನ ಔರಾದಿನ ಟವರು ಹತ್ತಿರ. ಹೀಗಾಗಿ ಸಾಹೇಬರು ದಿನಾ ಬೆಳಿಗ್ಗೆ ಅವರ ನಂಬರು ಕಳಿಸಿದರೆ ‘ಔರಾದ್ ಬಳಿ, ಕರ್ನಾಟಕ’ ಎಂದು ಉತ್ತರ ಬರುತ್ತಿತ್ತು. ದುರ್ದೈವಕ್ಕೆ ಯಶೋದಾರ ತಮ್ಮನಿಗೆ ಔರಾದಿನಲ್ಲಿ ಪೇಡೆ ಅಂಗಡಿಯಿತ್ತು. ಸಾಹೇಬರ ತಲೆಯೊಳಗೆ ಹಾಲೂ ಪೇಡೆಯೂ ಕೂಡಿಕೊಂಡವು. ಡೇರಿಯ ಹಾಲು ಗಡಿ ದಾಟಿ ತಮ್ಮನ ಕಡಾಯಿಗೆ ಬೀಳುತ್ತಿದೆ ಎಂದು ತೀರ್ಮಾನಿಸಿ, ಕೆಲಸದಿಂದ ಏಕೆ ತೆಗೆಯಬಾರದು ಎಂದು ನೋಟೀಸು ಕೊಟ್ಟರು.

ಯಶೋದಾ ನೋಟೀಸು ಹಿಡಿದು ನನ್ನ ಬಳಿ ಬಂದರು. “ಸರ್, ನಾ ಎಲ್ಲೂ ಹೋಗಂಗಿಲ್ರಿ. ಕೇಂದ್ರದಾಗೇ ಇರ್ತೀನಿ. ಫೋನ್ ಹಿಂಗ್ಯಾಕ ಹೇಳ್ತದೋ ನನಗ ತಿಳೀವಲ್ದು. ಸಾಹೇಬ್ರು ನಿಮ್ಮ ಮಾತು ಕೇಳ್ತಾರ. ನೀವಾರ ಒಂದ್ ಮಾತು ಹೇಳ್ರಿ” ಎಂದರು. ಫೋನು ಹಾಗೇಕೆ ಹೇಳುತ್ತದೆ ಎಂಬುದು ಇಡೀ ಡೇರಿಯಲ್ಲಿ ನನಗೊಬ್ಬನಿಗೇ ಚೆನ್ನಾಗಿ ಗೊತ್ತಿತ್ತು. ಅದಕ್ಕೆ ಗೊತ್ತಿರುವುದು ಟವರು ಮಾತ್ರ, ಮನುಷ್ಯನಲ್ಲ ಎಂದು ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು. ಆದರೆ ಆ ವಾಕ್ಯ ಕಂಗ್ಟಿಯಲ್ಲಿ ಹುಟ್ಟಿದರೂ ಮರುದಿನವೇ ಪಸ್ತಾಪುರಕ್ಕೆ ನಡೆದು ಬರುತ್ತಿತ್ತು. “ನೋಡ್ತೀನ್ರಿ, ಸಮಯ ನೋಡಿ ಹೇಳ್ತೀನಿ” ಎಂದೆ. ಯಶೋದಾ ನಂಬಿ ಹೋದರು. ಎರಡು ವಾರ ಸಮಯವನ್ನು ನೋಡುತ್ತಲೇ ಇದ್ದೆ. ಆ ಎರಡು ವಾರ ಟವರಿನ ಜೋಗುಳ ಕೆಲಸ ಮಾಡಲಿಲ್ಲ. ಆರಕ್ಕೆಲ್ಲ ಎಚ್ಚರವಾಗಿ ಸೂರು ನೋಡುತ್ತ ಮಲಗಿರುತ್ತಿದ್ದೆ. ಎಚ್ಚರವಾದ ಮೇಲೆ ಎದ್ದು ಪಸ್ತಾಪುರಕ್ಕೆ ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ಸುವರ್ಣಾ ಕೂಡ ಅದನ್ನೇ ಕೇಳಿದಳು.

ಅಷ್ಟರಲ್ಲಿ ಇನ್ನೊಂದು ಬಂದ್ ಘೋಷಣೆಯಾಯಿತು. ಸಾಹೇಬರು ನನ್ನನ್ನು ಒಳಗೆ ಕರೆದು ಬಾಗಿಲು ಮುಂದಕ್ಕೆ ಮಾಡಿ, “ಬಂದ್ ದಿನ ಕಂಗ್ಟಿಗಿ ನಮ್ಮ ಟೆಂಪೋ ಹೋಗಂಗಿಲ್ಲ, ಡ್ರೈವರ್ ಒಲ್ಲೆ ಅಂದಾನ. ಅವತ್ತಿನ ಹಾಲು ಎಲ್ಲಿಗಿ ಹೋಗ್ತದ ಅನ್ನೋದು ಕಣ್ಣಿಲೇ ನೋಡೂಣು. ನೀವೂ ಬರ್ರಿ. ಸಾಕ್ಷಿಗಿ ಖರೇ ಮನುಷ್ಯ ಒಬ್ಬ ಬೇಕು” ಎಂದರು. ಖರೇ ಮನುಷ್ಯ ಎಂಬುದಕ್ಕೆ ಅವರ ಫೋನಿನಲ್ಲಿ ಎರಡು ತಿಂಗಳ ಮೆಸೇಜುಗಳ ಪುರಾವೆಯಿತ್ತು. ಬರುತ್ತೇನೆಂದು ತಲೆಯಾಡಿಸಿದೆ.

ಬಂದ್ ದಿನ ಹಾಲಿನ ಗಾಡಿಗಳನ್ನು ತಡೆಯುವುದಿಲ್ಲವೆಂದು ಸಾಹೇಬರು ಜೀಪಿನ ಮುಂದೆ ‘ಹಾಲು’ ಎಂದು ಮೂರು ಭಾಷೆಯಲ್ಲಿ ಬರೆಸಿದ ರಟ್ಟು ಕಟ್ಟಿದ್ದರು. ನಾರಾಯಣಖೇಡದವರೆಗೆ ಅದು ನಡೆಯಿತು. ಊರು ದಾಟಿ ಕಂಗ್ಟಿಯ ರಸ್ತೆಗೆ ಹೊರಳಿದ್ದೇ ತಡ, ಎದುರಿಗೆ ಶಾಮಿಯಾನ. ರಸ್ತೆಯ ನಡುವೆಯೇ ಕಲ್ಲಿನ ಒಲೆ ಹೂಡಿ, ಅಲ್ಲೇ ಅಡುಗೆ ಮಾಡಿ ಅಲ್ಲೇ ಉಣ್ಣುವ ಚಳವಳಿ. ನೂರಾರು ಜನ ಕೂತಿದ್ದರು. ಗುಲಾಬಿ ಶಲ್ಯ ಹೊದ್ದ, ದಪ್ಪ ಮೀಸೆಯ ಮುಖಂಡನೊಬ್ಬ ರಟ್ಟು ಓದಿ ಸಂತೋಷಪಟ್ಟು, “ಒಳ್ಳೇ ಟೈಮಿಗಿ ಬಂದ್ರಿ ನೋಡ್ರಿ. ಚಾಕ್ಕ ಹಾಲು ತೀರ್ಯಾವ” ಎನ್ನುತ್ತ ಜೀಪಿನ ಹಿಂದೆ ಇಣುಕಿದ. ಅಲ್ಲಿ ಒಂದು ಸ್ಟೆಪ್ನಿ, ಸಾಹೇಬರ ಛತ್ರಿ, ನಮ್ಮ ಬುತ್ತಿ ಬಿಟ್ಟರೆ ಏನೂ ಇರಲಿಲ್ಲ.

“ಹಾಲೆಲ್ಲಿ ಅವರಿ?”

“ತರಾಕ ಹೊಂಟೇವ್ರಿ” ಎಂದರು ಸಾಹೇಬರು.

“ಹಂಗಾದ್ರ ಇದು ಹಾಲಿನ ಗಾಡಿ ಅಲ್ಲ. ಹಾಲು ಬಂದ ಮ್ಯಾಲ ಹಾಲಿನ ಗಾಡಿ ಆಗ್ತದ. ಇಳೀರಿ, ಉಂಡು ಹೋಗ್ರಿ” ಎಂದ ಮುಖಂಡ. ತರ್ಕ ಸರಿಯಾಗಿಯೇ ಇತ್ತು. ಜೀಪಿನ ಕೀಲಿ ಅವನ ಜೇಬಿಗೆ ಹೋಯಿತು. ಯಾರೂ ಒರಟಾಗಿ ಮಾತಾಡಲಿಲ್ಲ. ಬಹಳ ಗೌರವದಿಂದ ಸಾಹೇಬರನ್ನು ಜಮಖಾನದ ಮೇಲೆ ಕೂರಿಸಿ, ಮುಂದೆ ಒಂದು ಪುಟ್ಟಿ ಉಳ್ಳಾಗಡ್ಡಿ ಇಟ್ಟು ಕೈಗೊಂದು ಚಾಕು ಕೊಟ್ಟರು. ನನಗೆ ಅಕ್ಕಿಯಲ್ಲಿ ಹರಳು ಆರಿಸುವ ಕೆಲಸ ಬಂತು. ಆಫೀಸಿನಲ್ಲಿ ನೀರಿನ ಲೋಟವನ್ನೂ ತಾವಾಗಿ ಎತ್ತಿಕೊಳ್ಳದ ಸಾಹೇಬರು, ಕಣ್ಣೀರು ಸುರಿಸುತ್ತ ಸಣ್ಣಗೆ, ಒಂದೇ ಅಳತೆಗೆ ಉಳ್ಳಾಗಡ್ಡಿ ಹೆಚ್ಚುತ್ತಿದ್ದುದನ್ನು ನೋಡಿ ನನಗೆ ಅವರ ಮೇಲೆ ಮೊದಲ ಬಾರಿಗೆ ಪ್ರೀತಿ ಹುಟ್ಟಿತು. ನಡುವೆ ಹೈದರಾಬಾದಿನಿಂದ ಡೇರಿಯ ಮಾಲೀಕರ ಫೋನು ಬಂತು. ಸಾಹೇಬರು ಮೂಗು ಒರೆಸಿಕೊಂಡು, “ಕಂಗ್ಟಿ ಮುಟ್ಟೇ ಬಿಟ್ಟೇವ್ರಿ ಸರ್, ಇನ್ನ ಎರಡು ಕಿಲೋಮೀಟರ್” ಎಂದರು. ಆಮೇಲೆ ನನ್ನ ಕಡೆ ನೋಡದೆ ಇನ್ನೊಂದು ಉಳ್ಳಾಗಡ್ಡಿ ಎತ್ತಿಕೊಂಡರು.

ಒಂದು ತಾಸು ಕಳೆದಿರಬೇಕು. ಕಂಗ್ಟಿಯ ಕಡೆಯಿಂದ ಒಂದು ಟ್ರ್ಯಾಕ್ಟರು ಬಂತು. ಹಿಂದಿನ ಟ್ರಾಲಿಯಲ್ಲಿ ಒದ್ದೆ ಗೋಣಿಚೀಲ ಹೊದಿಸಿದ ಕ್ಯಾನುಗಳು. ಅವುಗಳ ನಡುವೆ ನಿಂತು, ಕೊಡದಿಂದ ಚೀಲಗಳಿಗೆ ನೀರು ಹನಿಸುತ್ತಿದ್ದವರು ಯಶೋದಾಬಾಯಿ. ಜನ ತಾವಾಗಿಯೇ ಎದ್ದು ದಾರಿ ಬಿಟ್ಟರು. ಅವರು ಸಾಹೇಬರನ್ನು ನೋಡಿದರು, ಚಾಕು ನೋಡಿದರು, ಅಕ್ಕಿಯ ಮೊರ ಹಿಡಿದ ನನ್ನನ್ನೂ ನೋಡಿದರು. ಮುಖದಲ್ಲಿ ಏನೂ ತೋರಿಸದೆ ಕೆಳಗಿಳಿದು ಬಂದರು.

“ಟೆಂಪೋ ಬರಂಗಿಲ್ಲಂತ ಟ್ರ್ಯಾಕ್ಟರ್ ಕೇಳಿ ತಂದೀನ್ರಿ ಸಾಹೇಬ್ರ. ಬಿಸಲೇರೂದ್ರಾಗ ನಾರಾಯಣಖೇಡದ ಕೂಲಿಂಗ್ ಸೆಂಟರಿಗಿ ಮುಟ್ಟಸ್ಬೇಕು. ಇವರಿಗಿ ಚಾಕ್ಕ ಎರಡು ಲೀಟರ್ ಕೊಡಲೇನ್ರಿ? ನೀವು ಹ್ಞೂಂ ಅಂದ್ರ ಕೊಡ್ತೀನಿ” ಎಂದರು.

ಸಾಹೇಬರು ಹ್ಞೂಂ ಎಂದರು. ಯಶೋದಾ ಹಾಲು ಅಳೆದು ಕೊಟ್ಟು, “ಇವರು ನಮ್ಮ ಸಾಹೇಬ್ರು, ಕೀಲಿ ಕೊಡ್ರಿ ಅಣ್ಣಾ” ಎಂದಾಗ ಮುಖಂಡ ಕೀಲಿಯನ್ನು ಎರಡೂ ಕೈಯಿಂದ ಒಪ್ಪಿಸಿದ. ಕ್ಯಾನುಗಳೆಲ್ಲ ತುಂಬಿದ್ದವು. ಆದರೂ ಸಾಹೇಬರ ಅನುಮಾನ ಪೂರ್ತಿ ಹೋಗಿರಲಿಲ್ಲ. “ಇವತ್ತಿಂದು ಆತು. ಮತ್ತ ದಿನಾ ಔರಾದಿಗಿ ಯಾಕ ಹೋಗ್ತೀರಿ?” ಎಂದರು. ಯಶೋದಾ, “ಹಾಲು ಇಳಿಸಿ ಬರ್ತೀನ್ರಿ. ನಮ್ಮ ಕೇಂದ್ರಕ್ಕ ನಡೀರಿ. ನೀವೇ ನೋಡ್ರಿ” ಎಂದರು.

ಮಧ್ಯಾಹ್ನ ಮೂವರೂ ಆ ಕೇಂದ್ರದ ಮುಂದೆ ಬೇವಿನ ನೆರಳಲ್ಲಿ ನಿಂತಿದ್ದೆವು. ಸಾಹೇಬರು ಯಶೋದಾರ ನಂಬರು ಕಳಿಸಿದರು. ಉತ್ತರ ಬಂತು: ಔರಾದ್ ಬಳಿ, ಕರ್ನಾಟಕ. ಯಶೋದಾ ಎರಡು ಮಾರು ದೂರದಲ್ಲಿ ಕೈಕಟ್ಟಿ ನಿಂತಿದ್ದರು. ಇಷ್ಟಕ್ಕೆ ಎಲ್ಲ ಮುಗಿಯಿತು ಎಂದು ನಾನು ನಿಟ್ಟುಸಿರು ಬಿಟ್ಟೆ. ಬಾಯಿ ಬಿಡದೆಯೇ ನ್ಯಾಯವೂ ಆಯಿತು, ನನ್ನ ಮಾನವೂ ಉಳಿಯಿತು. ಅಷ್ಟರಲ್ಲಿ ಸಾಹೇಬರಿಗೆ ಏನು ಹೊಳೆಯಿತೋ, ನನ್ನ ನಂಬರನ್ನೂ ಕಳಿಸಿದರು. ನನ್ನ ಫೋನು ಬೇರೆ ಟವರು ಹಿಡಿದಿರಬೇಕು. ಉತ್ತರ ಬಂತು: ಕಂಗ್ಟಿ ಬಳಿ. ಸಾಹೇಬರ ಮುಖ ಮತ್ತೆ ಬಿಗಿಯಿತು.

“ಇಬ್ಬರೂ ಒಂದೇ ಗಿಡದ ಬುಡಕ ನಿಂತೀರಿ. ಬಸವರಾಜಂದು ಬರೋಬ್ಬರಿ ತೋರಸ್ತದ. ಪಸ್ತಾಪುರದಾಗ ಎರಡು ತಿಂಗಳಾತು, ಒಂದ್ ದಿನಾನೂ ತಪ್ಪಿಲ್ಲ. ನಿಮ್ಮದಷ್ಟೇ ಯಾಕ ತಪ್ಪತದ, ಯಶೋದಾಬಾಯಿ? ಫೋನಿನಾಗ ಏನರ ಮಾಡೀರೇನು?”

ಯಶೋದಾ ನನ್ನ ಕಡೆ ನೋಡಿದರು. ಅವರ ಕಣ್ಣಲ್ಲಿ ನೀರಿರಲಿಲ್ಲ, ಸಿಟ್ಟೂ ಇರಲಿಲ್ಲ. ಸಮಯ ನೋಡಿ ಹೇಳುತ್ತೇನೆ ಎಂದವನು ಹೇಳುತ್ತಾನೆಯೇ ಎಂದು ಕಾಯುತ್ತಿದ್ದರು, ಅಷ್ಟೇ. ನನ್ನ ಜೀವನದಲ್ಲಿ ಇದ್ದ ಜಾಗವನ್ನು ಇದ್ದ ಹಾಗೆ ಹೇಳಿದ್ದು ಅದೇ ಮೊದಲು.

“ಸಾಹೇಬ್ರ, ನಂದೂ ಬರೋಬ್ಬರಿ ಇಲ್ರಿ. ಪಸ್ತಾಪುರದ ಟವರ್ ನಮ್ಮ ಮನಿ ಹಿಂದ ಅದರಿ.”

“ಅಂದ್ರ?”

“ಆರಕ್ಕ ನಾ ಮಂಚದ ಮ್ಯಾಲ ಇರ್ತೀನ್ರಿ.”

ಸಾಹೇಬರು ಬೆರಳು ಮಡಿಸಿ ಲೆಕ್ಕ ಹಾಕಿದರು. “ಎರಡೂ ತಿಂಗಳು?” ಎಂದರು. “ಅದಕ್ಕ ಮದಲೂ ರಿ” ಎಂದೆ. ಬಾಯಿ ಒಮ್ಮೆ ತೆರೆದದ್ದು ಮುಚ್ಚಲಾರದೆ ಹೋಯಿತು. ಅವರು ನನ್ನನ್ನು ನೋಡಿದರು, ಫೋನನ್ನು ನೋಡಿದರು, ಬೇವಿನ ಗಿಡದ ಕಟ್ಟೆಯ ಮೇಲೆ ಕೂತರು. ಅವರ ಕೈಯಿಂದ ಇನ್ನೂ ಉಳ್ಳಾಗಡ್ಡಿಯ ವಾಸನೆ ಬರುತ್ತಿತ್ತು. ಕೊನೆಗೆ ಯಶೋದಾರ ಕಡೆ ತಿರುಗಿ, “ನೋಟೀಸ್ ಹರದ್ ಒಗೀರಿ, ಬಾಯಿ. ತಪ್ಪು ನಂದದ” ಎಂದರು. ನನಗೆ ಹೇಳಬೇಕಾದದ್ದನ್ನು ಹೇಳಿದ್ದು ಯಶೋದಾ. ಕೃತಜ್ಞತೆಯ ಮಾತೊಂದು ಬರಬಹುದೆಂದು ನಾನು ವಿನಯದ ಮುಖ ಮಾಡಿಕೊಂಡಿದ್ದೆ. “ಎರಡು ವಾರ ಮದಲೇ ಹೇಳಿದ್ರ ಆಗ್ತಿತ್ತಲ್ರಿ ಸರ್. ನಮ್ಮವ್ವ ಊಟ ಬಿಟ್ಟಿದ್ದಳು” ಎಂದು, ನೀರಿನ ತಂಬಿಗೆ ತರಲು ಒಳಗೆ ಹೋದರು. ಆ ನೀರನ್ನು ನಾನು ಹೇಗೆ ಕುಡಿದೆನೋ ನನಗೇ ಗೊತ್ತು.

ಕೆಲಸ ಹೋಗಲಿಲ್ಲ. ಹೋಗಬೇಕಿತ್ತು ಎಂದು ಸುವರ್ಣಾ ಈಗಲೂ ಹೇಳುತ್ತಾಳೆ. ಸಾಹೇಬರು ಆ ಮೆಸೇಜಿನ ಸೇವೆಯನ್ನು ಬಿಡಿಸಿ, ಬದಲಿಗೆ ತಾವೇ ಒಂದು ವಿಧಾನ ಮಾಡಿದರು. ಬೆಳಿಗ್ಗೆ ಆರೂಕಾಲಿಗೆ ಅವರು ಫೋನು ಮಾಡುತ್ತಾರೆ. ನಾವು ಏನೂ ಹೇಳಬಾರದು. ಹಾಲು ಹಾಕಲು ಬಂದ ಯಾರಾದರೊಬ್ಬರ ಕೈಗೆ ಫೋನು ಕೊಡಬೇಕು. ಇದಕ್ಕೆ ಯಾವ ಟವರೂ ಅಡ್ಡ ಬರುವಂತಿರಲಿಲ್ಲ.

ಮೊದಲ ದಿನ ಐದೂವರೆಗೇ ಪಸ್ತಾಪುರ ಮುಟ್ಟಿದೆ. ಇನ್ನೂ ಮಬ್ಬು. ಒಬ್ಬೊಬ್ಬರಾಗಿ ಹೆಂಗಸರು ಬಂದು ಸಾಲು ನಿಂತರು. ನಾನು ಅಂಗಿಯ ತೋಳು ಮಡಿಸಿ, ಅಳತೆಯ ಲೀಟರ್ ಪಾತ್ರೆ ಹಿಡಿದು, ಕ್ಯಾನಿನ ಪಕ್ಕ ಸಾಧ್ಯವಾದಷ್ಟು ಹಳಬನ ಹಾಗೆ ನಿಂತೆ. ಸರಿಯಾಗಿ ಆರೂಕಾಲಿಗೆ ಫೋನು ಬಂತು. ಸಾಲಿನ ಮುಂದಿದ್ದ, ಎಮ್ಮೆಯ ಹಾಲು ತಂದಿದ್ದ ತುಳಜಮ್ಮ ಎಂಬ ಮುದುಕಿಗೆ ಕೊಟ್ಟೆ. ಧ್ವನಿ ಜೋರು ಮಾಡಿಟ್ಟಿದ್ದರಿಂದ ಸಾಹೇಬರ ಪ್ರಶ್ನೆ ಸಾಲಿಗೆಲ್ಲ ಕೇಳಿತು. “ಅವ್ವಾ, ಸೂಪರ್‌ವೈಸರ್ ಸರ್ ಬಂದಾರೇನು?”

ತುಳಜಮ್ಮ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. “ಯಾರೋ ಒಬ್ಬರು ಹೊಸಾ ಸರ್ ಬಂದಾರ ನೋಡ್ರಿ. ನಮ್ಮ ಟೆಂಪೋ ಸರ್‌ಗ ಏನಾತ್ರಿ? ಭಾಳ ಛಲೋ ಇದ್ರು. ಅವರಿಗಿ ತಗದ್ರೇನು?” ಎಂದಳು.

ನಾನು ಆ ಕೇಂದ್ರಕ್ಕೆ ಸೂಪರ್‌ವೈಸರ್ ಆಗಿ ಅಂದಿಗೆ ಎರಡು ವರ್ಷದ ಮೇಲೆ ಮೂರು ತಿಂಗಳಾಗಿತ್ತು. ಸಾಹೇಬರು, “ತಗದಿಲ್ಲವ್ವಾ, ಅವರೂ ಬರ್ತಾರ. ಇವರು ಇವತ್ತೇ ಕೆಲಸಕ್ಕ ಸೇರ್ಯಾರ. ಜರಾ ಕಲಿಸ್ರಿ” ಎಂದರು.

“ಹಂಗಾದ್ರ ಆತು” ಎಂದು ತುಳಜಮ್ಮ ಫೋನು ವಾಪಸ್ಸು ಕೊಟ್ಟಳು. ನನ್ನ ಕೈಯಿಂದ ಅಳತೆಯ ಲೀಟರನ್ನು ತೆಗೆದುಕೊಂಡು, ಅದನ್ನು ಹೇಗೆ ಹಿಡಿಯಬೇಕೆಂದು ತೋರಿಸಿ ಮತ್ತೆ ನನ್ನ ಕೈಗಿಟ್ಟಳು. ನಾನು ತಲೆಕೆಳಗಾಗಿ ಹಿಡಿದಿದ್ದೆ.